ಅಮ್ಮ ಕರೆಯದ ಹೆಸರು

ಫೆಬ್ರವರಿ 3, ಮಂಗಳವಾರ

"ಕರೆದವರ ದನಿಯಲ್ಲಿ ನನ್ನ ಮನೆ." ಸಾಲು ಹೀಗೇ ಇತ್ತೋ ಇಲ್ಲವೋ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಪದ್ಯ ಬರೆದು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು, ಮನಸ್ಸು ಬಂದಾಗ ಓದಿ ಹೇಳುತ್ತಿದ್ದಳು. ಹಿಂದಿನ ಮುಂದಿನ ಸಾಲುಗಳೆಲ್ಲ ಅಳಿಸಿಹೋಗಿ ಇದೊಂದು ನನ್ನಲ್ಲಿ ಉಳಿದಿದೆ. ಆಗ ಬಹಳ ಹಿಡಿಸಿತ್ತು. ಇವತ್ತು ಬಸ್ಸಿನಲ್ಲಿ ಕೂತು ಮತ್ತೆ ಹೇಳಿಕೊಂಡರೆ ಅನುಮಾನ ಬಂತು. ಕರೆಯುವವರ ದನಿಯೇ ಮನೆಯಾದರೆ, ಯಾರೂ ಹೆಸರು ಹಿಡಿದು ಕರೆಯದ ಮನುಷ್ಯ ಎಲ್ಲಿ ವಾಸ ಮಾಡುತ್ತಾನೆ?

ತೆರಿಗೆ ಕಚೇರಿಯ ಕಾಗದದಿಂದ ಶುರುವಾದ ಯೋಚನೆ ಇದು. ಹೋದ ಅಕ್ಟೋಬರಿನಲ್ಲಿ ನಮ್ಮ ಮದುವೆಯಾಯಿತು. ಈ ದೇಶದಲ್ಲಿ ಮದುವೆಯಾದವರು ತೆರಿಗೆಯ ವಿವರವನ್ನು ಇಬ್ಬರೂ ಸೇರಿ ಒಂದಾಗಿ ಕೊಡಬೇಕಂತೆ, ಏಪ್ರಿಲ್ ಮುಗಿಯುವುದರೊಳಗೆ. ಬೇಕಿದ್ದರೆ ಆಗಲೇ ಕುಟುಂಬಕ್ಕೆ ಒಂದು ಹೆಸರನ್ನೂ ಆರಿಸಿಕೊಳ್ಳಬಹುದು. ಈ ಸಲ ಬಿಟ್ಟರೆ ಆಮೇಲೆ ಕೋರ್ಟು ಕಚೇರಿ ಎಂದು ಅಲೆಯಬೇಕು.

ನಾನು ಅವರ ಹೆಸರನ್ನೇ ತೆಗೆದುಕೊಳ್ಳುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೇನೆ. ಅವರೇನೂ ಕೇಳಿಲ್ಲ. ಅವರೆಂದರೆ ಲಿಫ್ಟಿನವರು; ಲಿಫ್ಟ್ ರಿಪೇರಿ ಮಾಡುವವರನ್ನು ಈ ಪುಸ್ತಕದಲ್ಲಿ ಬೇರೇನೆಂದು ಬರೆಯಲಿ? ನಲವತ್ತೆಂಟನೆಯ ವಯಸ್ಸಿನಲ್ಲಿ, ನನ್ನ ಭಾಷೆಯಲ್ಲಿ "ಊಟ ಆಯ್ತಾ" ಎಂಬುದೊಂದು ಬಿಟ್ಟು ಮತ್ತೇನೂ ಬಾರದ ಮನುಷ್ಯನನ್ನು ಕಟ್ಟಿಕೊಂಡಾಗಿದೆ. ಇನ್ನು ಹೆಸರಿನದ್ದೇನು ದೊಡ್ಡ ಮಾತು?

ಅವರ ಮನೆಯ ಬಾಗಿಲ ಮೇಲೆ ಅವರ ಮನೆತನದ ಹೆಸರಿನ ಹಿತ್ತಾಳೆ ಫಲಕ ಇದೆ. ಒಳಗೆ ಬರುವಾಗ ಈಗಲೂ ಒಂದು ಕ್ಷಣ ನಿಂತು ಬಾಗಿಲು ತಟ್ಟಬೇಕೇನೋ ಅನಿಸುತ್ತದೆ.

ಫೆಬ್ರವರಿ 8, ಭಾನುವಾರ

ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ. ಅಲ್ಲಿ ಫೋನೆಂದರೆ ಅಮ್ಮ, ಅಣ್ಣ, ಅತ್ತಿಗೆ ಮೂವರೂ ಒಟ್ಟಿಗೆ ಮಾತಾಡುವುದು.

"ಹೆಸರೇನು ಸೀರೇನಾ, ಒಂದು ಬಿಚ್ಚಿ ಇನ್ನೊಂದು ಉಡೋಕೆ?" ಅಂದಳು ಅಮ್ಮ.

"ಹಾಗಲ್ಲಮ್ಮ, ನನ್ನ ಹೆಸರು ಹಾಗೇ ಇರುತ್ತೆ. ಅದರ ಪಕ್ಕದಲ್ಲಿ ಅಪ್ಪನ ಹೆಸರು ಇದೆಯಲ್ಲ, ಅದರ ಜಾಗಕ್ಕೆ ಅವರದ್ದು ಬರುತ್ತೆ."

"ಮತ್ತೆ ಇವರದ್ದು ಎಲ್ಲಿಗೆ ಹೋಗುತ್ತೆ?"

ಅಮ್ಮನ ಬಾಯಲ್ಲಿ ಅಪ್ಪ ಯಾವತ್ತೂ "ಇವರು". ಬದುಕಿದ್ದಾಗಲೂ, ಹೋಗಿ ಇಷ್ಟು ವರ್ಷವಾದ ಮೇಲೂ. ಗಂಡನ ಹೆಸರು ಹೇಳಬಾರದೆಂದು ಯಾರೋ ಕಲಿಸಿದ್ದು, ಒಂದು ಸಲವೂ ತಪ್ಪಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರೇನೆಂದು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು, "ನೀನು ಹೇಳೇ" ಎಂದು.

ಅಣ್ಣ ಅಂದ, "ನೋಡು, ನನ್ನ ಹತ್ರ ಅಪ್ಪನದ್ದು ಬರೀ ಒಂದು ಅಕ್ಷರ, ಒಂದು ಚುಕ್ಕಿ. ಮಕ್ಕಳಿಗೆ ಅದೂ ಇಲ್ಲ, ಅವರಿಗೆ ನನ್ನ ಅಕ್ಷರ. ಪೂರ್ತಿ ಹೆಸರು ಇರೋದು ನಿನ್ನ ಒಬ್ಬಳ ಹತ್ರಾನೇ ಕಣೆ."

ನಿಜ. ನಮ್ಮಲ್ಲಿ ಮನೆ ಹೆಸರೆಂಬುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಅಪ್ಪನ ಹೆಸರು ಉದ್ದಕ್ಕೆ ಕೈಕಾಲು ಚಾಚಿಕೊಂಡು ಬಂದು ಕುಟುಂಬದ ಹೆಸರಿನ ಜಾಗದಲ್ಲಿ ಕೂತಿತು. ಅಷ್ಟೇ ಆದದ್ದು.

"ನಿನಗೆ ಸರಿ ಕಂಡ ಹಾಗೆ ಮಾಡು," ಅಂದಳು ಅಮ್ಮ. ಅವಳು ಹಾಗೆ ಅಂದರೆ ಸರಿಯಿಲ್ಲ ಎಂದೇ ಅರ್ಥ.

ಫೆಬ್ರವರಿ 19, ಗುರುವಾರ

ಇವತ್ತು ಕೆಲಸದಲ್ಲಿ ಒಂದು ಹಾಳೆ ನೋಡಿ ಬಹಳ ಹೊತ್ತು ಕೂತೆ. ಬೆರಳುದ್ದದ ಒಂದು ಗಿಡ, ಬೇರು ಸಮೇತ. ನೂರು ವರ್ಷಕ್ಕೂ ಹಿಂದೆ ಯಾರೋ ಯಾವುದೋ ಗುಡ್ಡದಲ್ಲಿ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿದ್ದು. ಹೂವಿನ ನೇರಳೆ ಬಣ್ಣ ಇನ್ನೂ ಒಂದಿಷ್ಟು ಉಳಿದಿದೆ. ಯಾರಿಗಾಗಿ ಉಳಿಸಿಕೊಂಡಿತ್ತೋ.

ನಮ್ಮದು ಒಣಗಿಸಿದ ಗಿಡಗಳ ಸಂಗ್ರಹಾಲಯ. ಹಾಳೆಯ ಮೂಲೆಯಲ್ಲಿ ಗಿಡದ ಹೆಸರಿನ ಚೀಟಿ ಇರುತ್ತದೆ. ತಿಳಿದವರು ಯಾರೋ ಮುಂದೆ ನೋಡಿ, ಇದು ಆ ಗಿಡವಲ್ಲ, ಈ ಗಿಡ ಎಂದು ಹೊಸ ಹೆಸರು ಕೊಡುತ್ತಾರೆ. ಆಗ ಹಳೆಯ ಚೀಟಿಯನ್ನು ಕೀಳುವ ಹಾಗಿಲ್ಲ. ಹೊಸದನ್ನು ಅದರ ಕೆಳಗೆ ಅಂಟಿಸಬೇಕು. ಇವತ್ತಿನ ಈ ಪುಟ್ಟ ಗಿಡದ ಕೆಳಗೆ ನಾಲ್ಕು ಚೀಟಿ ಇದ್ದವು, ನಾಲ್ಕು ಕೈಬರಹ. ಗಿಡ ಮಾತ್ರ ತನ್ನ ಪಾಡಿಗೆ ಅದೇ ಗಿಡ.

ಲಿಫ್ಟಿನವರ ಪರಿಚಯವಾದದ್ದೂ ಇಲ್ಲೇ. ಸಂಗ್ರಹಾಲಯದ ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು, ಒಳಗೆ ನಾನು ಮತ್ತು ಒಂದು ಗಾಡಿ ತುಂಬ ಜರೀಗಿಡಗಳು. ಬಾಗಿಲ ಸಂದಿಯಿಂದ ಒಂದು ದನಿ ಕೇಳಿತು: "ಹೆದರಬೇಡಿ. ಅಲ್ಲಿ ಏನು ಕಾಣ್ತಿದೆ, ನನಗೆ ಹೇಳ್ತಾ ಇರಿ." ನಾನು ಜರೀಗಿಡಗಳ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಆಮೇಲೆ ಗೊತ್ತಾಯಿತು, ಅವರು ಕೇಳಿದ್ದು ಒಳಗಿನ ದೀಪಗಳಲ್ಲಿ ಯಾವುದು ಉರಿಯುತ್ತಿದೆ ಎಂದು.

ಇಲ್ಲಿ ಎಲ್ಲರೂ ನನ್ನನ್ನು ಕೊನೆಯ ಹೆಸರಿನಿಂದಲೇ ಕರೆಯುತ್ತಾರೆ, ಅಂದರೆ ಅಪ್ಪನ ಹೆಸರಿನಿಂದ. ನಮ್ಮ ಮೇಲಧಿಕಾರಿ ಈ ಉದ್ದನೆಯ ಓಣಿಯ ಆ ತುದಿಯಿಂದ ಕೂಗಿದರೆ ಕಪಾಟುಗಳ ನಡುವೆ ಅಪ್ಪನ ಹೆಸರು ಉರುಳಿಕೊಂಡು ಬರುತ್ತದೆ. ಮೊದಲ ವರ್ಷ ಪ್ರತಿ ಸಲವೂ ಹಿಂತಿರುಗಿ ನೋಡುತ್ತಿದ್ದೆ, ಅಪ್ಪ ಬಂದರೇನೋ ಎನ್ನುವ ಹಾಗೆ. ಅಪ್ಪ ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಡುವ ಕೆಲಸದಲ್ಲಿದ್ದರು. ಊರಿಗೆಲ್ಲ "ಕಾಂಪೌಂಡರ್", ನಮಗೆ "ಅಪ್ಪ", ಅಮ್ಮನಿಗೆ "ರೀ". ಅವರ ಹೆಸರನ್ನು ಅವರಿಗಿಂತ ಹೆಚ್ಚು ಸಲ ನಾನೇ ಕೇಳಿಸಿಕೊಂಡಿದ್ದೇನೆ. ಎಂಥ ವಿಚಿತ್ರ.

ಮಾರ್ಚ್ 6, ಶುಕ್ರವಾರ

ತೆರಿಗೆ ಕಚೇರಿಗೆ ವಿಚಾರಿಸಲು ಹೋಗಿದ್ದೆ. ಕೌಂಟರಿನ ಹೆಂಗಸು ಕನ್ನಡಕವನ್ನು ತಲೆಯ ಮೇಲೇರಿಸಿ ನನ್ನ ಪಾಸ್‌ಪೋರ್ಟ್ ನೋಡಿದಳು.

"ಇದು ನಿಮ್ಮ ಮನೆತನದ ಹೆಸರು?"

"ಅಲ್ಲ, ನಮ್ಮ ತಂದೆಯವರದ್ದು."

"ಅದೇ. ತಂದೆಯವರ ಮನೆತನದ್ದು."

"ಅಲ್ಲ, ತಂದೆಯವರದ್ದೇ. ಅವರಿಗೆ ಇಟ್ಟ ಹೆಸರು."

"ಹಾಗಾದ್ರೆ ಅವರ ಕೊನೆಯ ಹೆಸರು?"

"ಅವರ ತಂದೆಯದ್ದು."

"ಅವರ ತಂದೆಗೆ?"

"ಅವರ ತಂದೆಯದ್ದು."

ಅವಳು ಪೆನ್ನು ಕೆಳಗಿಟ್ಟಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. "ಅಂದ್ರೆ ಹಿಂದಿನವರದ್ದು ಬಿಟ್ಟುಹೋಗ್ತಾ ಇರುತ್ತೆ? ನಮ್ಮ ಹೆಸರು ನಿಂತಿರುತ್ತೆ, ಜನ ಅದರೊಳಗೆ ಬಂದು ಹೋಗ್ತಾರೆ. ನಿಮ್ಮಲ್ಲಿ ಹೆಸರೇ ನಡ್ಕೊಂಡು ಹೋಗುತ್ತೆ ಅನ್ನಿ!"

"ಹೌದು," ಅಂದೆ. ಇಷ್ಟು ವರ್ಷ ಪದ್ಯ ಓದಿದ ನನಗೆ ಇದು ಹೊಳೆದಿರಲಿಲ್ಲ. ನನ್ನ ಹಿಂದೆ ಅಪ್ಪ, ಅಪ್ಪನ ಹಿಂದೆ ತಾತ, ಅವರ ಹಿಂದೆ ನನಗೆ ಹೆಸರೇ ಗೊತ್ತಿಲ್ಲದ ಎಷ್ಟೋ ಜನ, ಒಬ್ಬರು ಇನ್ನೊಬ್ಬರನ್ನು ಒಂದು ಗಾವುದ ದೂರ ಹೊತ್ತು ಕೆಳಗಿಳಿಸಿ ಕೈಬೀಸಿದ ಹಾಗೆ.

ನಾನೂ ಇಳಿಸುವವಳೇ. ಆದರೆ ನನ್ನ ಮುಂದೆ ಹೊರುವವರು ಯಾರೂ ಇಲ್ಲ.

ಮಾರ್ಚ್ 7, ಶನಿವಾರ

ತಲೆನೋವು. ಹೊಸ ಸಹಿ ಬರೆದು ನೋಡಿದೆ. ಯಾರದ್ದೋ ಸಹಿಯನ್ನು ನಕಲು ಮಾಡಿ ಸಿಕ್ಕಿಬಿದ್ದವರ ಹಾಗಿದೆ.

ಮಾರ್ಚ್ 22, ಭಾನುವಾರ

ಮಧ್ಯಾಹ್ನ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದೆವು: ಅವರ ಸಂಬಳದ ಪತ್ರ, ನನ್ನದು, ಬ್ಯಾಂಕಿನದು. ಇಬ್ಬರ ಇಡೀ ವರ್ಷದ ದುಡಿಮೆ ಒಂದೇ ಹಾಳೆಯಲ್ಲಿ ಕೂಡಿ ಕೆಳಗೆ ಒಂದೇ ಮೊತ್ತವಾಗಿ ನಿಂತದ್ದು ನೋಡಿ ಮೈ ಜುಮ್ಮೆಂದಿತು. ಮದುವೆಯ ದಿನವೂ ಹೀಗನಿಸಿರಲಿಲ್ಲ. ಸರ್ಕಾರವೇ ಕೂತು ನಮ್ಮಿಬ್ಬರನ್ನು ಕೂಡುವ ಲೆಕ್ಕ ಮಾಡಿದೆ.

ಹೆಸರಿನ ಜಾಗ ಖಾಲಿ ಬಿಟ್ಟೆ. ಅವರು ಗಮನಿಸಿದರು. "ನಿಮ್ಮಪ್ಪ ಹೇಗಿದ್ರು?" ಅಂದರು.

ಹೇಗಿದ್ದರು? ಪುಡಿ ಔಷಧಿ ಕಟ್ಟುವ ಕಾಗದವನ್ನು ಅವರು ಮಡಿಸುವುದು ನೋಡಬೇಕಿತ್ತು. ಅಂಟು ಬೇಡ, ದಾರ ಬೇಡ. ಐದು ಮಡಿಕೆಯಲ್ಲಿ ಕಾಗದ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಒಂದು ಹಾಳೆ ತೆಗೆದು ತೋರಿಸಿದೆ. ಬೆರಳಿಗೆ ಇನ್ನೂ ನೆನಪಿದೆ! ಲಿಫ್ಟಿನವರು ಪೊಟ್ಟಣವನ್ನು ತಿರುಗಿಸಿ ನೋಡಿದರು, ಅಲ್ಲಾಡಿಸಿದರು, ಎತ್ತಿ ನೆಲಕ್ಕೆ ಹಾಕಿದರು. ಬಿಚ್ಚಿಕೊಳ್ಳಲಿಲ್ಲ. ಜೇಬಿಗೆ ಹಾಕಿಕೊಂಡರು.

"ಖಾಲಿ ಪೊಟ್ಟಣ ಅದು," ಅಂದೆ.

"ಇರಲಿ," ಅಂದರು.

ಏಪ್ರಿಲ್ 10, ಶುಕ್ರವಾರ

ಏನೆಂದು ಬರೆಯಲಿ?

ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯ ಇರುವುದು ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಸಂಜೆ ತರಕಾರಿ ಚೀಲ ಹೊತ್ತು ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದೆವು. ಮೂರನೆಯ ಮಹಡಿಯ ತಿರುವಿನಲ್ಲಿ ಅವರು ಚೀಲ ಕೆಳಗಿಟ್ಟು ಹೇಳಿದರು, "ನಾನೇ ನಿಮ್ಮಪ್ಪನ ಹೆಸರು ತಗೊಳ್ತೀನಿ."

ಸುಸ್ತಾಗಿ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ.

"ತಮಾಷೆ ಅಲ್ಲ. ಕಾನೂನಲ್ಲಿ ಇದೆ, ಕೇಳ್ಕೊಂಡು ಬಂದೆ. ನನ್ನ ಹೆಸರಿಗೆ ಅಣ್ಣತಮ್ಮಂದಿರು ಇದ್ದಾರೆ, ಅವರ ಮಕ್ಕಳಿದ್ದಾರೆ, ಈ ಊರಲ್ಲೇ ಒಂದು ಬೀದಿ ತುಂಬೋಷ್ಟು ಜನ. ನಿಮ್ಮಪ್ಪನದ್ದು ಒಂದೇ ಹಗ್ಗದ ಮೇಲೆ ನಿಂತಿದೆ. ನಾವು ಲಿಫ್ಟನ್ನ ಯಾವತ್ತೂ ಒಂದೇ ಹಗ್ಗದ ಮೇಲೆ ಬಿಡಲ್ಲ."

"ನಿಮಗೆ ಅವರ ಮುಖಾನೇ ಗೊತ್ತಿಲ್ಲ!"

"ಕೈ ಗೊತ್ತು," ಅಂದರು. ಜೇಬಿನಿಂದ ಆ ಪೊಟ್ಟಣ ತೆಗೆದರು. ಅಂಚು ಸವೆದಿತ್ತು, ಆದರೆ ಮಡಿಕೆ ಬಿಟ್ಟಿರಲಿಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದುರುಮನೆಯ ಅಜ್ಜಿ ಕೈಗೋಲು ಊರಿಕೊಂಡು ಇಳಿದು ಬರುತ್ತಿದ್ದವರು ಗಾಬರಿಯಾಗಿ, "ಏನಾಯ್ತಮ್ಮ, ಬಿದ್ದೆಯಾ?" ಅಂದರು. ಇಲ್ಲ ಅಂದೆ. ಇಡೀ ಆಯಸ್ಸು ಬಸ್ ಓಡಿಸಿ ನಿವೃತ್ತರಾದ ಈ ಅಜ್ಜಿ ಕಟ್ಟಡಕ್ಕೆ ಯಾರೇ ಹೊಸಬರು ಬಂದರೂ ಒಂದು ಬಲ್ಬ್ ತಂದುಕೊಡುತ್ತಾರೆ; ಹೊಸ ಮನೆಯಲ್ಲಿ ಯಾವುದಾದರೂ ಒಂದು ದೀಪ ಕೆಟ್ಟೇ ಇರುತ್ತದೆ ಎನ್ನುವುದು ಅವರ ನಂಬಿಕೆ. ಅಕ್ಟೋಬರಿನಲ್ಲಿ ನನಗೂ ತಂದುಕೊಟ್ಟಿದ್ದರು. ಬಚ್ಚಲಿನಲ್ಲಿ ಈಗ ಉರಿಯುತ್ತಿರುವುದು ಅದೇ.

ನನಗೆ ಒಪ್ಪಲು ಹಕ್ಕಿಲ್ಲ ಅನಿಸುತ್ತದೆ. ಹೆಸರು ನನ್ನದಲ್ಲ. ಅಮ್ಮನನ್ನು ಕೇಳಬೇಕು. ಅವಳು ಬೇಡ ಅಂದರೆ ಬೇಡ.

ಏಪ್ರಿಲ್ 12, ಭಾನುವಾರ

ಕೇಳಿದೆ. ಮೊದಲು ಅತ್ತಿಗೆ ಬಿದ್ದು ಬಿದ್ದು ನಕ್ಕರು.

"ಅಲ್ಲ ಕಣ್ರೀ, ಹೆಸರಿನ ಮುಂದೆ ಮಾವನವರ ಹೆಸರು ಇದ್ದರೆ ಅವರ ಮಗ ಅಂತ ಅಲ್ವಾ ಅರ್ಥ? ಅಳಿಯ ಹೋಗಿ ಮಗ ಆಗಿಬಿಡ್ತಾರೆ!"

"ನಿಮ್ಮಿಬ್ಬರನ್ನ ಅಣ್ಣ ತಂಗಿ ಅಂದುಕೊಳ್ತಾರೆ," ಅಂದ ಅಣ್ಣ. ಅವನು ನಗುತ್ತಿರಲಿಲ್ಲ. "ನಾಳೆ ಇಬ್ಬರೂ ಇಲ್ಲಿಗೆ ಬಂದು ಲಾಡ್ಜಲ್ಲಿ ರೂಮ್ ಕೇಳಿದರೆ ಪಾಸ್‌ಪೋರ್ಟ್ ನೋಡಿ ಏನಂತಾರೆ? ಹೋಗಲಿ, ಮಗ ಅಂತ ನಾನೊಬ್ಬ ಇದ್ದೀನಲ್ಲ. ನನಗೇ ಪೂರ್ತಿ ಹೆಸರಿಲ್ಲ."

ಅದು ಹೊಟ್ಟೆಕಿಚ್ಚಲ್ಲ, ನೋವು. ಇಷ್ಟು ದಿನ ಆ ಒಂದಕ್ಷರ ಒಂದು ಚುಕ್ಕಿಯನ್ನು ಅವನು ಎಷ್ಟು ಜೋಪಾನ ಮಾಡಿಕೊಂಡಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

"ಅಮ್ಮ, ನೀನೇನಂತೀಯ?"

ಅಮ್ಮ ಅಂದಳು, "ಅಳಿಯಂದಿರನ್ನ ಹೆಸರು ಹಿಡಿದು ಕರೀಬೇಕು ಅಂತ ಆಸೆ ಇತ್ತು. ಅವರ ದೇಶದಲ್ಲಿ ಹಾಗೇ ಅಂತೆ, ಕೊನೇ ಹೆಸರು ಹಿಡಿದು ಕರೆದರೆ ಮರ್ಯಾದೆ ಅಂತೆ. ನೀನೇ ಹೇಳಿದ್ದೆ. ಇನ್ನು ಅದೂ ಆಗಲ್ಲ."

ಫೋನ್ ಅತ್ತಿಗೆಯ ಕೈಗೆ ಹೋಯಿತು.

ಏಪ್ರಿಲ್ 15, ಬುಧವಾರ

ಅಮ್ಮ ಫೋನಿಗೆ ಬರಲಿಲ್ಲ. "ಅಕ್ಕಿ ಆರಿಸ್ತಾ ಇದ್ದಾರೆ," ಅಂದರು ಅತ್ತಿಗೆ. ಈಗ ಯಾವ ಅಕ್ಕಿಯಲ್ಲಿ ಕಲ್ಲಿರುತ್ತದೆ?

ಇವರು ಏನೂ ಕೇಳಲಿಲ್ಲ. ಎರಡು ಲೋಟ ಟೀ ಮಾಡಿಕೊಂಡು ಬಂದು ಒಂದನ್ನು ನನ್ನ ಮುಂದಿಟ್ಟು, ತಮ್ಮ ಹೆಸರಿನ ಹಳೆಯ ಫಲಕ ಒರೆಸುತ್ತ ಬಾಗಿಲಲ್ಲಿ ನಿಂತರು. ಮೂರು ತಲೆಮಾರಿನ ಫಲಕ. ಇವರ ತಾತನೇ ಸ್ಕ್ರೂ ತಿರುಗಿಸಿ ಕೂರಿಸಿದ್ದರಂತೆ.

ಏಪ್ರಿಲ್ 19, ಭಾನುವಾರ

ಬೆಳಿಗ್ಗೆ ಅಮ್ಮನೇ ಫೋನ್ ಮಾಡಿದಳು. ಅವಳಾಗಿಯೇ ಮಾಡುವುದು ಅಪರೂಪ. ನಂಬರ್ ಒತ್ತಿದರೆ ತಪ್ಪಿ ಇನ್ನೆಲ್ಲಿಗೋ ಹೋಗುತ್ತದೆಂದು ಭಯ.

"ಒಬ್ಬಳೇ ಇದ್ದೀಯಾ?"

"ಇವರೂ ಇದ್ದಾರಮ್ಮ."

"ಕೇಳು. ಎರಡು ದಿನ ಆಯ್ತು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡ್ತಿದ್ದೀನಿ. ನಾಲಿಗೆ ತಿರುಗ್ತಾನೇ ಇರಲಿಲ್ಲ. ನಿಮ್ಮತ್ತಿಗೆ ಬಂದು ಬಾಗಿಲು ಬಡಿದಳು, ಅಮ್ಮಾ ಯಾರ ಹತ್ರ ಮಾತಾಡ್ತಿದ್ದೀರಾ ಅಂತ. ಟ್ಯಾಂಕ್ ಖಾಲಿ ಅಂತ ನಿಮ್ಮಣ್ಣನೂ ಬೈದ. ಬೈಲಿ. ನಿಮ್ಮಣ್ಣನಿಗೂ ಹೇಳಿದ್ದೀನಿ, ನಿನ್ನ ಅಕ್ಷರ ನಿನಗೆ ಇದ್ದೇ ಇದೆ, ಅದನ್ನ ಯಾರು ಕಿತ್ಕೊಂಡರು ಅಂತ. ಸುಮ್ಮನಾದ. ಈಗ ಫೋನ್ ಕೊಡು."

"ಯಾರಿಗಮ್ಮ?"

"ಅಳಿಯಂದಿರಿಗೆ ಕಣೆ, ಇನ್ಯಾರಿಗೆ?"

ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದೆ. ಇವರು ಕಾಫಿ ಕಪ್ಪು ಹಿಡಿದು ಬಂದು ಎದುರು ಕೂತರು.

ಅಮ್ಮ ಗಂಟಲು ಸರಿಮಾಡಿಕೊಂಡಳು. ಒಮ್ಮೆ ಕೆಮ್ಮಿದಳು. ಆಮೇಲೆ ಅಪ್ಪನ ಹೆಸರು ಕರೆದಳು.

ಅಷ್ಟೂ ಅಕ್ಷರ. ಒಂದನ್ನೂ ನುಂಗದೆ, ಕೊನೆಯಲ್ಲಿ ಒಂಚೂರು ಎಳೆದು, ಒಳಗಿನ ಕೋಣೆಯಿಂದ ಹಜಾರದಲ್ಲಿರುವವರನ್ನು ಊಟಕ್ಕೆ ಕರೆಯುವ ಹಾಗೆ. ಅವಳ ದನಿಯಲ್ಲಿ ಈ ಹೆಸರು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅರುವತ್ತು ವರ್ಷ ಅವಳ ಬಾಯಲ್ಲೇ ಇದ್ದ ಹೆಸರು, ಬಳಸದೆ ಇಟ್ಟಿದ್ದರಿಂದಲೋ ಏನೋ, ಹೊಚ್ಚ ಹೊಸದಾಗಿತ್ತು.

ಇವರು ಕಪ್ಪು ಕೆಳಗಿಟ್ಟು ಎದ್ದು ನಿಂತರು. ಯಾಕೆ ನಿಂತರೋ. ಫೋನಿನ ಕಡೆ ಬಾಗಿ, ತಮಗೆ ಗೊತ್ತಿದ್ದ ಒಂದೇ ಒಂದು ಮಾತು ಹೇಳಿದರು.

"ಅಮ್ಮಾ, ಊಟ ಆಯ್ತಾ?"

"ಆಯ್ತು," ಅಂದಳು ಅಮ್ಮ. ನನಗೆ ಕೇಳಿಸಬಾರದೆಂಬ ಹಾಗೆ ಮೆಲ್ಲಗೆ ಸೇರಿಸಿದಳು, "ನಿಮ್ದು ಆಯ್ತಾ?"

ಏಪ್ರಿಲ್ 24, ಶುಕ್ರವಾರ

ಸಲ್ಲಿಸಿ ಬಂದೆವು. ಕೌಂಟರಿನ ಹೆಂಗಸು ಎರಡು ಸಲ ಓದಿದಳು. "ಗಂಡಸರು ಬದಲಾಯಿಸೋದು ನೋಡಿದ್ದೀನಿ. ಆದ್ರೆ ಮನೆತನವೇ ಅಲ್ಲದ ಹೆಸರನ್ನ ಮನೆತನ ಮಾಡಿದ್ದು ಇದೇ ಮೊದಲು. ಇಷ್ಟು ದೂರ ನಡೆದುಬಂದಿತ್ತಲ್ಲ ಇದು, ಇಲ್ಲಿ ಕೂತುಕೊಳ್ತು ಅನ್ನಿ."

ಠಸ್ಸೆ ಹೊಡೆದಳು. ತೆರಿಗೆಯಲ್ಲಿ ಒಂದಿಷ್ಟು ವಾಪಸ್ಸೂ ಬರುತ್ತದಂತೆ. ಇವರು ದಾರಿಯುದ್ದಕ್ಕೂ ತಮ್ಮ ಹೊಸ ಹೆಸರನ್ನು ಬಾಯಲ್ಲಿ ಹೊರಳಿಸುತ್ತ ಬಂದರು. ನಡುವಿನ ಅಕ್ಷರ ಇನ್ನೂ ನಾಲಿಗೆಗೆ ಸಿಕ್ಕಿಲ್ಲ. ಸಿಗುತ್ತದೆ, ಅಮ್ಮನಿಗೇ ಸಿಕ್ಕಿದೆ.

ಮೇ 9, ಶನಿವಾರ

ಹೊಸ ಫಲಕ ಬಂತು. ಇವರು ಸ್ಕ್ರೂಡ್ರೈವರ್ ತೆಗೆದುಕೊಂಡು ಹಳೆಯದನ್ನು ಬಿಚ್ಚಲು ಹೋದಾಗ ಕೈ ಹಿಡಿದೆ.

"ಅದನ್ನ ಕೀಳಬೇಡಿ. ಅದರ ಕೆಳಗೆ ಹಾಕಿ."

"ನಿನ್ನ ಗಿಡಗಳಿಗೆ ಮಾಡೋ ಹಾಗಾ?"

"ಹೂಂ."

ಹಾಕಿದರು. ಮೇಲೆ ಇವರ ತಾತನ ಕಾಲದ ಹಿತ್ತಾಳೆ, ಕೆಳಗೆ ಅಪ್ಪ. ದೂರ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ, ಮೆಟ್ಟಿಲಿಳಿದು ಕೆಳಗಿನಿಂದ ಹತ್ತಿ ಬಂದು ಹೊರಗಿನವಳ ಹಾಗೆ ನೋಡಿದೆ. ಆಮೇಲೆ ಬೀಗದಕೈ ತಿರುಗಿಸಿ ನಮ್ಮ ಮನೆಯೊಳಕ್ಕೆ ಬಂದು ಅಡುಗೆಗೆ ಇಟ್ಟೆ.

ಸಂಜೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಎದುರುಮನೆಯ ಅಜ್ಜಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರಟ್ಟಿನ ಪೆಟ್ಟಿಗೆಯೊಳಗಿನ ಬಲ್ಬು. ಫಲಕದ ಹತ್ತಿರ ಮುಖ ತಂದು, ಬಸ್ಸಿನ ಬೋರ್ಡು ಓದುವವರ ಹಾಗೆ ಅಪ್ಪನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

"ಮನೆಗೆ ಇನ್ನೊಬ್ಬರು ಬಂದಿದ್ದಾರೆ, ನನಗೊಂದು ಮಾತು ಹೇಳಬಾರದಿತ್ತಾ? ತಗೋ, ಇದನ್ನ ಅವರಿಗೆ ಕೊಡು."